ಬಣ್ಣ ಹೊಸದು, ದೋಣಿ ಹಳೆಯದು

ಸೆಕೆಂಡ್ ಹ್ಯಾಂಡ್ ಬೈಕ್ ವಿಷಯಕ್ಕೆ ಬಂದರೆ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಪಂಡಿತರೇ. ಸೈಲೆನ್ಸರ್‌ಗೆ ಬೆರಳಿಟ್ಟು ಮಸಿ ನೋಡುವವರು, ಚೈನ್ ಎಳೆದು ನೋಡುವವರು, ಸೀಟು ಸವೆದದ್ದನ್ನು ಕಂಡೇ ಮೀಟರ್ ತಿರುಗಿಸಿದ್ದಾರೆ ಎನ್ನುವವರು ರೂಮಿಗೆ ಇಬ್ಬರಂತೆ ಸಿಗುತ್ತಾರೆ. ಆದರೆ ಕಳೆದ ಏಪ್ರಿಲ್‌ನಲ್ಲಿ ನಾನು ‘ಸೆಕೆಂಡ್ ಹ್ಯಾಂಡ್ ದೋಣಿ ನೋಡೋಕೆ ಊರಿಗೆ ಹೋಗ್ತಿದ್ದೀನಿ’ ಅಂದಾಗ ಇಡೀ ಕಾರಿಡಾರ್ ನಕ್ಕಿತು. ‘ಮೈಲೇಜ್ ಎಷ್ಟು ಕೊಡತ್ತೋ?’ ಎಂದ ಒಬ್ಬ. ‘ಹೆಲ್ಮೆಟ್ ಬೇಕಾ?’ ಎಂದ ಇನ್ನೊಬ್ಬ.

ನಗಲಿ ಬಿಡಿ. ಕುಂದಾಪುರದ ಕಡೆ ಕಡಲ ದಂಡೆಯ ಮನೆಯವನಾದ ನನಗೆ ಅದು ನಗುವ ವಿಷಯವಾಗಿರಲಿಲ್ಲ. ನನ್ನ ಭಾವ ಹನ್ನೊಂದು ವರ್ಷ ಬೇರೆಯವರ ಬೋಟಿನಲ್ಲಿ ಕಲಾಸಿಯಾಗಿ ದುಡಿದವರು. ಆಳ ಸಮುದ್ರಕ್ಕೆ ಹೋದರೆ ವಾರ, ಹತ್ತು ದಿನ ಮನೆ ಕಡೆ ಮುಖವಿಲ್ಲ. ಮೀನು ಬಿದ್ದರೆ ಪಾಲು, ಬೀಳದಿದ್ದರೆ ಖಾಲಿ ಕೈ. ‘ಸಣ್ಣದಾದರೂ ಸರಿ, ನಮ್ಮದೇ ಒಂದು ನಾಡದೋಣಿ ಮಾಡ್ತೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಬಂದ್ರಾಯ್ತು’ ಎಂದು ಅವರು ನಿರ್ಧರಿಸಿದಾಗ ಅಕ್ಕ ಬಳೆ ತೆಗೆದುಕೊಟ್ಟಳು. ಅಡವಿಟ್ಟ ಚಿನ್ನ, ಕೂಡಿಟ್ಟ ದುಡ್ಡು ಎಲ್ಲ ಸೇರಿ ಕೈಯಲ್ಲಿದ್ದದ್ದು 2.5 ಲಕ್ಷ ರೂಪಾಯಿ. ಹೊಸ ಫೈಬರ್ ದೋಣಿ, ಹೊಸ ಎಂಜಿನ್, ಬಲೆ ಎಂದರೆ ಆ ದುಡ್ಡು ಸಾಲದು. ಹಾಗಾಗಿ ಹಳೆಯದೇ ಗತಿ.

‘ನೀನು ಮೆಕ್ಯಾನಿಕಲ್ ಓದ್ತಾ ಇದ್ಯಲ್ಲ, ಎಂಜಿನ್ ನೀನೇ ಕಾಣ್ಕ್’ ಎಂದು ಭಾವ ನನ್ನನ್ನು ಕರೆದರು. ಐದನೇ ಸೆಮಿಸ್ಟರ್ ಮುಗಿಸಿದವನಿಗೆ ಸಿಕ್ಕ ಮೊದಲ ಕನ್ಸಲ್ಟೆನ್ಸಿ. ಫೀಸು: ಅಕ್ಕ ಮಾಡುವ ಬಂಗುಡೆ ಪುಳಿಮುಂಚಿ.

ನಾಲ್ಕು ಭಾನುವಾರ, ಐದು ದೋಣಿ ನೋಡಿದೆವು. ಆ ಓಡಾಟದಲ್ಲಿ ಒಂದು ಮಾತು ನನಗೆ ಖಚಿತವಾಯಿತು. ಹಳೆಯ ದೋಣಿ ಕೊಳ್ಳುವವನು ಫೈಬರ್, ಎಂಜಿನ್‌ಗಳ ಜೊತೆಗೆ ಹಿಂದಿನ ಯಜಮಾನನ ಅಭ್ಯಾಸಗಳನ್ನೂ ಕೊಳ್ಳುತ್ತಾನೆ. ಅವನು ದೋಣಿಯನ್ನು ಹೇಗೆ ನೋಡಿಕೊಂಡಿದ್ದ ಎನ್ನುವುದು ಪ್ರತಿ ಸ್ಕ್ರೂ, ಪ್ರತಿ ಬಿರುಕಿನಲ್ಲಿ ಬರೆದಿರುತ್ತದೆ. ಓದಲು ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಮೊದಲು ಅಶ್ವಶಕ್ತಿ ಗೊತ್ತುಮಾಡಿ

ದೋಣಿ ನೋಡಲು ಹೊರಡುವ ಮೊದಲೇ ಒಂದು ತೀರ್ಮಾನ ಆಗಬೇಕು: ಎಷ್ಟು ಎಚ್‌ಪಿ? ಹುಡುಗುಬುದ್ಧಿಗೆ ದೊಡ್ಡ ಎಂಜಿನ್ನೇ ಚೆಂದ. ಆದರೆ ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲವದು. ಆಗ ಕಡಲಿಗಿಳಿಯಲು ಅವಕಾಶ ಇರುವುದು 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ. ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ ಸಣ್ಣ ದೋಣಿಯವರು ತಂದ ಮೀನಿಗೆ ಒಳ್ಳೆಯ ಬೆಲೆ. ನಾಡದೋಣಿಯವರ ವರ್ಷದ ಲೆಕ್ಕ ನಿಂತಿರುವುದೇ ಆ ಮಳೆಗಾಲದ ಮೇಲೆ.

ನಾವು ನೋಡಿದ ಎರಡನೇ ದೋಣಿಗೆ 25 ಎಚ್‌ಪಿ ಎಂಜಿನ್ ಇತ್ತು. ಚೆಂದದ ಎಂಜಿನ್, ಓಟವೂ ಜೋರು. ಆದರೆ ನಮ್ಮ ಪಾಲಿಗೆ ಅದು ಎರಡು ತಿಂಗಳು ಹೊದಿಕೆ ಹೊದ್ದು ಮಲಗುವ ಎಂಜಿನ್. ಮೇಲಾಗಿ ಶಕ್ತಿ ಹೆಚ್ಚಿದಷ್ಟೂ ಎಣ್ಣೆ ಖರ್ಚು ಹೆಚ್ಚು, ದೋಣಿಯ ಹಿಂಬದಿಗೆ ಭಾರವೂ ಹೆಚ್ಚು. 9.9 ಎಚ್‌ಪಿ ಎಂದು ಅವತ್ತೇ ಗೆರೆ ಎಳೆದೆವು. ನೀವು ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯಲೋ, ಹೊಳೆ ದಾಟಲೋ ದೋಣಿ ಹುಡುಕುತ್ತಿದ್ದರೂ ಈ ಪ್ರಶ್ನೆಯೇ ಮೊದಲು: ಎಲ್ಲಿ, ಯಾವಾಗ, ಎಷ್ಟು ಜನರೊಂದಿಗೆ ಓಡಿಸುವುದು?

ಹಲಸಿನಹಣ್ಣಿನ ಪರೀಕ್ಷೆ

ಮೊದಲ ದೋಣಿ ನೋಡಿದಾಗ ಮನಸ್ಸು ಹಾರಿತು. ನೀಲಿ ಬಣ್ಣ, ಕೆಂಪು ಪಟ್ಟಿ, ಮೂತಿಗೆ ಹೂವಿನ ಹಾರ. ಮದುಮಗನ ಹಾಗೆ ನಿಂತಿತ್ತು. ನಮ್ಮ ಜೊತೆ ಫೈಬರ್ ಪ್ಯಾಚ್ ಹಾಕುವ ಕೆಲಸದ ಹಿರಿಯರೊಬ್ಬರು ಬಂದಿದ್ದರು. ನಾನು ಫೋಟೊ ತೆಗೆಯಲು ಹೊರಟಾಗ ಅವರ ಪ್ರಶ್ನೆ: ‘ಬಣ್ಣ ಕಾಂಬುಕ್ ಬಂದದ್ದಾ, ದೋಣಿ ಕಾಂಬುಕ್ ಬಂದದ್ದಾ?’

ಜೇಬಿನಿಂದ ಒಂದು ನಾಣ್ಯ ತೆಗೆದು ಅವರು ದೋಣಿಯ ಮೈಯುದ್ದಕ್ಕೂ ಗೇಣು ಗೇಣಿಗೆ ಬಡಿಯುತ್ತ ಹೋದರು. ಹಲಸಿನಹಣ್ಣು ಬಲಿತಿದೆಯೇ ಎಂದು ಬಡಿದು ನೋಡುತ್ತೇವಲ್ಲ, ಹಾಗೆ. ಗಟ್ಟಿ ಇರುವಲ್ಲಿ ‘ಟಣ್ ಟಣ್’ ಎಂಬ ಸ್ಪಷ್ಟ ಸದ್ದು. ಎಡ ಪಕ್ಕದಲ್ಲಿ ಒಂದು ಕಡೆ ‘ದಬ್ ದಬ್’. ಫೈಬರ್ ದೋಣಿ ಎಂದರೆ ಗಾಜಿನ ನಾರಿನ ಹಾಸುಗಳನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿದ್ದು. ಪೆಟ್ಟು ಬಿದ್ದೋ ನೀರು ಸೇರಿಯೋ ಪದರಗಳು ಬಿಟ್ಟುಕೊಂಡರೆ ಸದ್ದು ಮಂಕಾಗುತ್ತದೆ. ಕಾಂಪೋಸಿಟ್ ಮೆಟೀರಿಯಲ್ಸ್ ಪಾಠದಲ್ಲಿ ನಾವು ಡಿಲ್ಯಾಮಿನೇಶನ್ ಎಂದು ಬರೆದು ಅಂಕ ತೆಗೆದುಕೊಳ್ಳುವುದನ್ನು ಅವರು ಒಂದು ರೂಪಾಯಿ ನಾಣ್ಯದಲ್ಲಿ ಹಿಡಿದರು.

ಆಮೇಲೆ ಅವರು ಹೇಳಿಕೊಟ್ಟ ಉಳಿದ ಪಾಠಗಳು ಇವು. ಜೇಡರ ಬಲೆಯಂಥ ಸಣ್ಣ ಬಿರುಕುಗಳು ಮೇಲ್ಪದರದಲ್ಲಷ್ಟೇ ಇದ್ದರೆ ಹೆದರಬೇಕಿಲ್ಲ. ಒಂದೇ ಬಿಂದುವಿನಿಂದ ಸುತ್ತ ಹರಡಿದ್ದರೆ ಅಲ್ಲಿ ಏನೋ ಬಲವಾಗಿ ಬಡಿದಿದೆ ಎಂದರ್ಥ. ನೀರೊಳಗೇ ಬಹಳ ಕಾಲ ನಿಂತ ದೋಣಿಯ ಅಡಿಯಲ್ಲಿ ಗುಳ್ಳೆಗಳೆದ್ದಿರಬಹುದು. ಅದನ್ನು ಚುಚ್ಚಿದಾಗ ಹುಳಿ ವಾಸನೆಯ ನೀರು ಬಂದರೆ ರಾಳದೊಳಕ್ಕೆ ನೀರು ಇಳಿದಿದೆ. ದಿನಾ ಮರಳಿನ ಮೇಲೆ ಎಳೆಯುವ ದೋಣಿಗಳ ಅಡಿಗಟ್ಟು ಸವೆದು ಒಳಗಿನ ನಾರು ಕಾಣುತ್ತಿರುತ್ತದೆ. ಬಗ್ಗಿ, ಮಲಗಿ ನೋಡಬೇಕು. ದೋಣಿಯೊಳಗೆ ಬರಿಗಾಲಲ್ಲಿ ನಡೆಯಬೇಕು. ಕಾಲಡಿ ಎಲ್ಲಾದರೂ ಮೆತ್ತಗೆ ಕುಸಿದಂತಾದರೆ ಒಳಗಿನ ಮರ ಕೊಳೆತಿದೆ. ಒಂದೇ ಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ‘ಇಲ್ಲಿ ಎಂತ ಆಗಿತ್ತ್?’ ಎಂದು ಕೇಳಲು ಸಂಕೋಚ ಬೇಡ.

ಎಲ್ಲಕ್ಕಿಂತ ಮುಖ್ಯ ಜಾಗ ಎಂಜಿನ್ ಕೂರಿಸುವ ಹಿಂದಿನ ಹಲಗೆ. ಹೊರಗೆ ಫೈಬರ್ ಕಂಡರೂ ಸಾಮಾನ್ಯವಾಗಿ ಒಳಗೆ ಮರವೋ ಪ್ಲೈವುಡ್ಡೋ ಇರುತ್ತದೆ. ಬೋಲ್ಟಿನ ತೂತುಗಳಿಂದ ಇಳಿದ ನೀರು ಅದನ್ನು ಒಳಗೊಳಗೇ ಕೊಳೆಸುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಕೂತಿರುವಾಗಲೇ ಅದರ ಕೆಳಗಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಇನ್ನೊಬ್ಬರು ಹಲಗೆಯನ್ನೇ ದಿಟ್ಟಿಸುತ್ತಿರಲಿ. ಹಲಗೆ ಬಾಗಿದರೆ, ಅಂಚಿನಲ್ಲಿ ಬಿರುಕು ಬಾಯಿ ತೆರೆದರೆ, ಬೋಲ್ಟಿನಿಂದ ಕಂದು ನೀರು ಜಿನುಗಿದರೆ ಆ ದೋಣಿಗೆ ದೂರದಿಂದಲೇ ನಮಸ್ಕಾರ. ಮದುಮಗನ ಹಲಗೆ ಬಾಗಿತು. ನಾವು ಚಹಾ ಕುಡಿದು ಎದ್ದುಬಂದೆವು.

ತಣ್ಣಗಿನ ಎಂಜಿನ್ ಸುಳ್ಳು ಹೇಳದು

ಹೊರಗೆ ತೂಗುಹಾಕುವ ಈ ಔಟ್‌ಬೋರ್ಡ್ ಎಂಜಿನ್‌ನ ದೊಡ್ಡ ಗುಣವೆಂದರೆ ಎರಡು ಸ್ಕ್ರೂ ಸಡಿಲಿಸಿದರೆ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದು. ಅಪಾಯವೂ ಅದೇ. ಒಬ್ಬರ ಎಂಜಿನ್ ಇನ್ನೊಬ್ಬರ ದೋಣಿಯಲ್ಲಿ ಕೂತು ಮಾರಾಟಕ್ಕೆ ಬಂದೀತು. ಆದ್ದರಿಂದ ಎಂಜಿನ್ ಮೇಲಿನ ನಂಬರನ್ನು ಕಾಗದದ ನಂಬರಿನೊಂದಿಗೆ ಹೋಲಿಸುವುದೇ ಮೊದಲ ಕೆಲಸ.

ಹೋಗುವ ಮುನ್ನ ಫೋನ್ ಮಾಡಿ ‘ಎಂಜಿನ್ ಸ್ಟಾರ್ಟ್ ಮಾಡಿ ಇಡಬೇಡಿ’ ಎಂದು ಹೇಳಿಬಿಡಿ. ಹೋದ ಕೂಡಲೇ ಮುಚ್ಚಳ ತೆಗೆದು ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಇರಲಿ. ಬಿಸಿ ಎಂಜಿನ್ ಯಾರು ಎಳೆದರೂ ಏಳುತ್ತದೆ. ತಣ್ಣಗಿನದು ಎಷ್ಟು ಎಳೆತಕ್ಕೆ ಏಳುತ್ತದೆ ಎನ್ನುವುದು ನಿಜವಾದ ಲೆಕ್ಕ.

ಗ್ಯಾರೇಜಿನ ಗೆಳೆಯನೊಬ್ಬನಿಂದ ನಾನು ಕಂಪ್ರೆಶನ್ ಗೇಜ್ ತಂದಿದ್ದೆ. ಪ್ಲಗ್ ಬಿಚ್ಚಿ ಅದರ ಜಾಗದಲ್ಲಿ ಗೇಜ್ ಕೂರಿಸಿ ಹಗ್ಗ ಎಳೆದರೆ ಸಿಲಿಂಡರ್ ಒಳಗಿನ ಒತ್ತಡ ಗೊತ್ತಾಗುತ್ತದೆ. ಎರಡು ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಸೀಮೆಎಣ್ಣೆ ಎಂಜಿನ್‌ಗಳ ಒತ್ತಡ ಪೆಟ್ರೋಲ್ ಎಂಜಿನ್‌ಗಿಂತ ಕಡಿಮೆಯೇ ಇರುತ್ತದೆ. ಹಾಗಾಗಿ ಅಂಕಿ ಕಡಿಮೆ ಎಂದು ಗಾಬರಿಯಾಗದೆ ಎರಡೂ ಸಮ ಇವೆಯೇ ಎಂದು ನೋಡಿ.

ಗೇಜ್ ಇಲ್ಲದವರಿಗೂ ಮೂರು ಗುಟ್ಟುಗಳಿವೆ. ಒಂದು, ಕೆಳಗಿನ ಗೇರ್ ಪೆಟ್ಟಿಗೆಯ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಎಣ್ಣೆ ಇಳಿಸಿ. ಎಣ್ಣೆಯ ಬಣ್ಣವೇ ಇದ್ದರೆ ಕ್ಷೇಮ; ಹಾಲು ಹೆಚ್ಚಾದ ಚಹಾದಂತಿದ್ದರೆ ಒಳಗೆ ನೀರು ಹೋಗಿದೆ. ಎರಡು, ಪ್ರೊಪೆಲ್ಲರ್ ಬಿಚ್ಚಿಸಿ ಶಾಫ್ಟ್ ನೋಡಿ. ಬಲೆಯ ನೂಲು ಸುತ್ತಿಕೊಂಡು ಸೀಲ್ ಕತ್ತರಿಸುವುದೇ ನೀರು ಒಳಹೋಗುವ ಮುಖ್ಯ ದಾರಿ. ನಾವು ನೋಡಿದ ಮೂರನೇ ದೋಣಿಯ ಶಾಫ್ಟಿನಲ್ಲಿ ಒಂದು ಉಂಡೆ ನೂಲು ಸಿಕ್ಕಿತು, ಎಣ್ಣೆಯೂ ಚಹಾ ಆಗಿತ್ತು. ಮೂರು, ಎಂಜಿನ್ ಓಡುವಾಗ ಹಿಂಬದಿಯ ಸಣ್ಣ ತೂತಿನಿಂದ ಪಿಚಕಾರಿಯಂತೆ ನೀರು ಚಿಮ್ಮಬೇಕು. ಎಂಜಿನ್ ತಂಪು ಮಾಡುವ ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಧಾರೆ ಕ್ಷೀಣವಾಗಿದ್ದರೆ ರಬ್ಬರಿನ ಇಂಪೆಲ್ಲರ್ ಸವೆದಿರಬಹುದು, ಇಲ್ಲವೇ ಉಪ್ಪು ಕಟ್ಟಿ ನೀರಿನ ದಾರಿ ಮುಚ್ಚಿರಬಹುದು. ಮೊದಲನೆಯದು ಸಣ್ಣ ಖರ್ಚು, ಎರಡನೆಯದು ದೊಡ್ಡ ತಲೆನೋವು.

ನನಗೆ ತುಂಬ ಖುಷಿ ಕೊಟ್ಟದ್ದು ಎಂಜಿನ್ ಕಾಲಿಗೆ ಅಂಟಿಸಿದ ಸತುವಿನ ತುಂಡು. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಒಟ್ಟಿಗಿದ್ದರೆ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಅದನ್ನು ಉಳಿಸಲು ತಾನೇ ಕರಗುವ ಸತುವನ್ನು ಇಟ್ಟಿರುತ್ತಾರೆ. ಮೊದಲ ವರ್ಷದ ಎಂಜಿನಿಯರಿಂಗ್ ಕೆಮಿಸ್ಟ್ರಿಯಲ್ಲಿ ಸ್ಯಾಕ್ರಿಫಿಶಿಯಲ್ ಆನೋಡ್ ಎಂದು ಬಾಯಿಪಾಠ ಮಾಡಿದ್ದೇ ಇದು! ಅರ್ಧ ಸವೆದ ಸತು ಒಳ್ಳೆಯ ಲಕ್ಷಣ, ತನ್ನ ಕೆಲಸ ಮಾಡಿದೆ. ಪೂರ್ತಿ ಕರಗಿ ಖಾಲಿಯಾಗಿದ್ದರೆ ಯಜಮಾನ ಬಹಳ ದಿನ ಅತ್ತ ನೋಡಿಲ್ಲ. ಅದರ ಮೇಲೆ ಬಣ್ಣ ಬಳಿದಿದ್ದರೆ ಅವನಿಗೆ ಅದೇನೆಂದೇ ಗೊತ್ತಿಲ್ಲ. ಬಣ್ಣದಡಿ ಸತು ಕೆಲಸ ಮಾಡುವುದಿಲ್ಲ.

ನೀರಿಗಿಳಿಸದೆ ದುಡ್ಡು ಕೊಡಬೇಡಿ

ನಾಲ್ಕನೇ ದೋಣಿ ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಎಂಜಿನ್ನನ್ನು ಡ್ರಮ್ಮಿನ ನೀರಿನಲ್ಲಿ ಓಡಿಸಿ ತೋರಿಸಿದರು. ‘ಇವತ್ತೇ 25 ಸಾವಿರ ಅಡ್ವಾನ್ಸ್ ಕೊಡಿ, ಸಂಜೆಗೆ ಇನ್ನೊಂದು ಪಾರ್ಟಿ ಬತ್ತ್’ ಎಂದರು. ಸಮುದ್ರಕ್ಕೆ ಇಳಿಸಿ ತೋರಿಸಿ ಎಂದರೆ ‘ಎಣ್ಣೆ ಇಲ್ಲ, ಜನ ಇಲ್ಲ’ ಎಂಬ ಸಬೂಬು. ಎಣ್ಣೆ ನಾವೇ ತರ್ತೇವೆ ಎಂದರೂ ಒಪ್ಪಲಿಲ್ಲ. ಭಾವನ ಕೈ ಜೇಬಿನವರೆಗೆ ಹೋಗಿತ್ತು. ಹನ್ನೊಂದು ವರ್ಷ ಬೇರೆಯವರ ದೋಣಿಯಲ್ಲಿ ಹಗ್ಗ ಎಳೆದವರಿಗೆ ಕಣ್ಣೆದುರು ತಮ್ಮದಾಗಬಲ್ಲ ದೋಣಿ ನಿಂತಿದ್ದರೆ ಕೈ ಹೋಗದೆ ಇದ್ದೀತೇ? ಪಕ್ಕಕ್ಕೆ ಹೋಗಿ ಅಕ್ಕನಿಗೆ ಫೋನ್ ಮಾಡಿದರು. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಅಳಿವೆಯಲ್ಲಿ ನಿಂತ್ರೆ?’

ಕಡಲ ದಂಡೆಯವರಿಗೆ ಆ ಪ್ರಶ್ನೆಯ ಭಾರ ಗೊತ್ತು. ಹೊಳೆ ಬಂದು ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಿ ಮರಳದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಎಂಜಿನ್ ಓಡುತ್ತಿದ್ದರೆ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದು ದಾಟಬಹುದು. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಮಗುಚುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮೆಟಾಸೆಂಟರ್ ಎಂದು ಚಿತ್ರ ಬರೆಯುತ್ತೇವಲ್ಲ, ತೇಲುವ ವಸ್ತು ಓರೆಯಾದಾಗ ಮತ್ತೆ ನೆಟ್ಟಗಾಗುತ್ತದೋ ಮಗುಚುತ್ತದೋ ಎಂಬ ಲೆಕ್ಕ. ದೋಣಿಯೊಳಗೆ ನೀರು ತುಂಬಿ ಆ ಬದಿ ಈ ಬದಿ ಹೊಯ್ದಾಡಿದರೆ ಆ ಲೆಕ್ಕವೂ ಕೈಕೊಡುತ್ತದೆ. ಭಾವ ಜೇಬಿನಿಂದ ಖಾಲಿ ಕೈ ತೆಗೆದರು. ವಾಪಸ್ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಹಾಗಾಗಿ ನೀರಿನ ಪರೀಕ್ಷೆ ಹೀಗಿರಲಿ: ದಿನಾ ಹೋಗುವಷ್ಟೇ ಜನ, ಅಷ್ಟೇ ಭಾರ ಹಾಕಿ. ಎಲ್ಲರೂ ಲೈಫ್ ಜಾಕೆಟ್ ತೊಡಲಿ, ಹುಟ್ಟೂ ಜೊತೆಗಿರಲಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದಾಗ ಮುಗ್ಗರಿಸುತ್ತದೆಯೇ ಗಮನಿಸಿ. ಮುಂದಕ್ಕೆ, ಹಿಂದಕ್ಕೆ ಗೇರ್ ಹಾಕಿ. ಕಾಲು ಗಂಟೆ ಪೂರ್ತಿ ವೇಗದಲ್ಲಿ ಓಡಿಸಿ. ಆಮೇಲೆ ಎಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು ಮತ್ತೆ ಎಳೆಯಿರಿ. ಬಿಸಿಯಲ್ಲಿ ನಿಂತ ಎಂಜಿನ್ ಮತ್ತೆ ಏಳುತ್ತದೆಯೇ ಎಂಬುದೇ ಅಳಿವೆಯ ಪ್ರಶ್ನೆ. ದಡಕ್ಕೆ ಬಂದ ಮೇಲೆ ದೋಣಿಯ ತಳದಲ್ಲಿ ಎಷ್ಟು ನೀರು ಸೇರಿದೆ ನೋಡಿ.

ಕಾಗದ ನೆನೆಯಬಾರದು

ದೋಣಿಯ ಮೈಮೇಲೆ ‘ಐಎನ್‌ಡಿ–ಕೆಎ’ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ನೋಂದಣಿ ಪತ್ರ, 1986ರ ರಾಜ್ಯ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಪಡೆದ ಲೈಸೆನ್ಸ್, ಎಂಜಿನ್ ಬಿಲ್ಲು, ಸಬ್ಸಿಡಿ ಸೀಮೆಎಣ್ಣೆಯ ಪರ್ಮಿಟ್ ಎಲ್ಲದರಲ್ಲೂ ಹೆಸರು, ನಂಬರು ತಾಳೆಯಾಗಬೇಕು. ದೋಣಿಯ ಮೇಲೆ ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲ ಬಾಕಿ ಇದ್ದರೆ ಅದು ತೀರಿದ ಪತ್ರ ಬೇಕು. ಕೊನೆಯ ಕಂತಿನ ದುಡ್ಡನ್ನು ಮೀನುಗಾರಿಕೆ ಇಲಾಖೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಟ್ಟ ಮೇಲೆಯೇ ಕೊಡುವುದು ಒಳ್ಳೆಯದು. ನಮ್ಮ ಪೈಕಿಯವರೇ, ಗುರುತಿನವರೇ ಎಂದು ಇದನ್ನು ಬಿಟ್ಟುಬಿಡಬೇಡಿ. ಕಾಗದ ಸರಿ ಇದ್ದರೆ ಗುರುತೂ ಉಳಿಯುತ್ತದೆ.

ಕೈಯಲ್ಲಿರುವುದನ್ನೆಲ್ಲ ದೋಣಿಗೇ ಸುರಿಯಬೇಡಿ. ನಾವು 2.5 ಲಕ್ಷದಲ್ಲಿ 50 ಸಾವಿರ ಪಕ್ಕಕ್ಕಿಟ್ಟೆವು. ಇಂಪೆಲ್ಲರ್, ಪ್ಲಗ್, ಹೊಸ ಹಗ್ಗ, ಲಂಗರು, ಲೈಫ್ ಜಾಕೆಟ್ಟು, ಬಲೆಯ ರಿಪೇರಿ ಎಂದು ಆ ದುಡ್ಡು ಹೋದದ್ದೇ ಗೊತ್ತಾಗಲಿಲ್ಲ. ಅದರ ಜೊತೆ ಎರಡು ನಂಬರುಗಳನ್ನು ದೋಣಿಯ ಒಳಮೈಗೆ ದಪ್ಪ ಅಕ್ಷರದಲ್ಲಿ ಬರೆಸಿದೆವು: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ನಮ್ಮನ್ನೇ ಪರೀಕ್ಷಿಸಿದ ಅಜ್ಜ

ಐದನೇ ದೋಣಿಗೆ ಬಣ್ಣವೇ ಇರಲಿಲ್ಲ ಎನ್ನಬಹುದು. ಬಿಸಿಲಿಗೆ ಬಿಳುಚಿ, ಮುಟ್ಟಿದರೆ ಕೈಗೆ ಸುಣ್ಣದಂಥ ಪುಡಿ ಹತ್ತುತ್ತಿತ್ತು. ಬಲ ಪಕ್ಕಕ್ಕೆ ಎರಡು ಪ್ಯಾಚ್. ಆದರೆ ಎಂಜಿನ್ ಮೇಲೆ ತೊಳೆದ ಗೋಣಿಚೀಲ ಹೊದಿಸಿತ್ತು. ಸ್ಕ್ರೂಗಳ ತಲೆ ಒಂದೂ ಹರಿದಿರಲಿಲ್ಲ, ಎಲ್ಲಕ್ಕೂ ಗ್ರೀಸ್. ಸತು ಅರ್ಧ ಸವೆದಿತ್ತು, ಹಳೆಯ ಸತುವಿನ ತುಂಡುಗಳು ಡಬ್ಬಿಯಲ್ಲಿದ್ದವು. ನಾಣ್ಯ ಬಡಿದರೆ ಪ್ಯಾಚ್ ಮೇಲೂ ‘ಟಣ್’. ಗೇಜ್‌ನಲ್ಲಿ ಎರಡೂ ಸಿಲಿಂಡರ್ ಹೆಚ್ಚುಕಡಿಮೆ ಸಮ. ಮೂರನೇ ಎಳೆತಕ್ಕೆ ಎಂಜಿನ್ ಎದ್ದಿತು. ಸಮುದ್ರದಲ್ಲಿ ನಿಲ್ಲಿಸಿ ಮತ್ತೆ ಎಳೆದಾಗ ಮೊದಲನೆಯದಕ್ಕೇ.

ಯಜಮಾನರಿಗೆ ಎಪ್ಪತ್ತರ ಹತ್ತಿರ. ಮಂಡಿನೋವು, ಮಕ್ಕಳಿಬ್ಬರೂ ಊರಲ್ಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದುದನ್ನು ನೋಡುತ್ತ ಸುಮ್ಮನೆ ಕೂತಿದ್ದರು. ರೇಟಿನ ಮಾತು ಬಂದಾಗ ಭಾವನನ್ನು ಕೇಳಿದರು: ‘ದಿನಾ ಸಿಹಿನೀರ್ ಹಾಕಿ ಎಂಜಿನ್ ತೊಳುಕೆ ಪುರ್ಸೊತ್ತಿತ್ತಾ ನಿಂಗೆ?’

ಭಾವ ಸ್ವಲ್ಪ ಹೊತ್ತು ಯೋಚಿಸಿ, ‘ನಂಗೆ ಆಗ್ದಿದ್ರೆ ಹೆಂಡ್ತಿ ತೊಳಿತ್ಲ್’ ಎಂದರು. ಅಜ್ಜ ನಕ್ಕು ಹತ್ತು ಸಾವಿರ ಇಳಿಸಿದರು. ನಾವು ಕೇಳಿದ್ದಕ್ಕಿಂತ ಅದು ಐದು ಸಾವಿರ ಕಡಿಮೆ ಇಳಿಕೆಯೇ, ಆದರೂ ಯಾರೂ ಚೌಕಾಸಿ ಮುಂದುವರಿಸಲಿಲ್ಲ. 1.9 ಲಕ್ಷಕ್ಕೆ ದೋಣಿ ನಮ್ಮದಾಯಿತು. ಸಿಹಿನೀರಿನ ಡ್ರಮ್ಮನ್ನೂ ಅವರೇ ಕೊಟ್ಟರು.

ಈಗ ದೋಣಿ ದಡಕ್ಕೆ ಬಂದ ಮೇಲೆ ಎಂಜಿನ್ ಬಿಚ್ಚಿ ತಂದು ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸುವುದು ಮನೆಯ ದಿನಚರಿ. ನಿಲ್ಲಿಸುವ ಮುನ್ನ ಪೆಟ್ರೋಲಿಗೆ ತಿರುಗಿಸಬೇಕು, ಇಲ್ಲದಿದ್ದರೆ ಮರುದಿನ ಏಳಲು ಸತಾಯಿಸುತ್ತದೆ. ಅಕ್ಕನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಪ್ಲಗ್ ಬದಲಿಸಿದ ದಿನ, ಗೇರ್ ಎಣ್ಣೆ ಹಾಕಿದ ದಿನ ಎಲ್ಲ ಅವಳ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿದೆ. ಮಳೆಗಾಲದಲ್ಲಿ ಭಾವ ಅಳಿವೆ ದಾಟಿ ಹೋಗಿ ಬಂದ ದಿನಗಳ ಪಕ್ಕದಲ್ಲಿ ಒಂದೊಂದು ಟಿಕ್ ಮಾರ್ಕ್ ಇದೆ. ಏನೆಂದು ನಾನು ಕೇಳಿಲ್ಲ.

ಯಾವತ್ತೋ ಒಂದು ದಿನ ಈ ದೋಣಿಯೂ ಇನ್ನೊಬ್ಬರ ಕೈಗೆ ಹೋಗುತ್ತದೆ. ನನ್ನಂಥ ಯಾರೋ ಒಬ್ಬ ನಾಣ್ಯ ಹಿಡಿದು ಬಡಿಯುತ್ತ ಬಂದಾನು. ಅವನಿಗೆ ಆ ಪುಸ್ತಕವನ್ನೂ ಕೊಡಬೇಕೆಂದು ಅಕ್ಕನಿಗೆ ಹೇಳಿದ್ದೇನೆ. ‘ಹಾಲಿನ ಲೆಕ್ಕ ಹರಿದಿಟ್ಟು ಕೊಡ್ತೆ’ ಎಂದಿದ್ದಾಳೆ.